ಆಹಾರ, ಕರುಳಿನ ಬ್ಯಾಕ್ಟೀರಿಯಾ ಮತ್ತು ಸೋಂಕು ನಿರೋಧ

ಮನುಷ್ಯನ ದೊಡ್ಡ ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳ ಸಮುದಾಯವು ದಿನನಿತ್ಯದ ಊಟಕ್ಕೆ ತಕ್ಕಂತೆ ಬದಲಾಗುತ್ತದೆ, ಮತ್ತು ಹೊರಗಿನಿಂದ ಬರುವ ರೋಗಾಣುಗಳಿಗೆ ಜಾಗ ಕೊಡದೆ ದೇಹವನ್ನು ಕಾಯುತ್ತದೆ ಎಂಬ ತಿಳಿವಳಿಕೆ ಇಪ್ಪತ್ತನೆಯ ಶತಮಾನದ ಆರಂಭದಿಂದ ಹಂತಹಂತವಾಗಿ ರೂಪುಗೊಂಡಿದೆ. 1900ರ ಸುಮಾರಿಗೆ ಪ್ಯಾರಿಸ್ಸಿನ ಹೆನ್ರಿ ಟಿಸಿಯೆ ಎದೆಹಾಲು ಕುಡಿಯುವ ಕೂಸುಗಳ ಮಲದಲ್ಲಿ ಕವಲೊಡೆದ ಆಕಾರದ ಬ್ಯಾಕ್ಟೀರಿಯಾಗಳು ಹೇರಳವಾಗಿರುವುದನ್ನು ಗುರುತಿಸಿದನು. ಇವೇ ಈಗಿನ ಬೈಫಿಡೊಬ್ಯಾಕ್ಟೀರಿಯಾಗಳು. ಮೊಸರಿನ ಬ್ಯಾಕ್ಟೀರಿಯಾಗಳು ಕರುಳಿಗೆ ಹಿತವೆಂದು ಇಲ್ಯಾ ಮೆಚ್ನಿಕಾಫ್ ಅದೇ ದಶಕದಲ್ಲಿ ವಾದಿಸಿದನು.

ಈ ಇತಿಹಾಸದ ಒಂದು ಮುಖ್ಯ ಭಾಗ ನಡೆದದ್ದು ಕನ್ನಡ ನಾಡಿನ ಅಂಚಿನಲ್ಲಿಯೇ. ಗುಂಡ್ಲುಪೇಟೆಯಿಂದ ಬಂಡೀಪುರವನ್ನು ದಾಟಿ ಊಟಿಗೆ ಹತ್ತಿ, ಅಲ್ಲಿಂದ ಇಳಿದರೆ ಸಿಗುವ ಕೂನೂರಿನಲ್ಲಿ, ಪಾಶ್ಚರ್ ಸಂಸ್ಥೆಯ ಆವರಣದಲ್ಲಿ, ರಾಬರ್ಟ್ ಮೆಕ್ಯಾರಿಸನ್ ಎಂಬ ವೈದ್ಯ 1918ರಲ್ಲಿ ಬೆರಿಬೆರಿ ರೋಗದ ಕುರಿತು ಸಂಶೋಧನೆ ಆರಂಭಿಸಿದನು. ಪೋಷಕಾಂಶ ಕಡಿಮೆಯಾದ ಆಹಾರವನ್ನು ಕೋತಿಗಳಿಗೆ ಕೊಟ್ಟು ನೋಡಿದಾಗ ಅವುಗಳ ಕರುಳಿನ ಒಳಪೊರೆ ಸವೆದು, ಉರಿಯೂತವಾಗಿ, ರಕ್ತಭೇದಿ ಕಾಣಿಸಿಕೊಂಡಿತು. ಅದೇ ಪರಿಸರದಲ್ಲಿದ್ದರೂ ಒಳ್ಳೆಯ ಆಹಾರ ತಿಂದ ಕೋತಿಗಳು ಈ ಕಾಯಿಲೆಯಿಂದ ಪಾರಾದವು. ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ಅವನು ನಡೆಸಿದ ಹೋಲಿಕೆಯಲ್ಲಿ ಗೋಧಿ ರೊಟ್ಟಿ, ಹಾಲು, ತುಪ್ಪ, ಬೇಳೆ, ತರಕಾರಿಗಳ ಸಿಖ್ಖರ ಊಟ ಮೊದಲ ಸ್ಥಾನ ಪಡೆಯಿತು. ಪಠಾಣ, ಮರಾಠ, ಗೂರ್ಖಾ ಊಟಗಳ ಬಳಿಕ ಕನ್ನಡಿಗರದು ಐದನೆಯದಾಗಿ ನಿಂತಿತು. ಪಾಲಿಶ್ ಅಕ್ಕಿಯನ್ನೇ ನೆಚ್ಚಿದ ಮದರಾಸಿನ ಊಟ ಕಡೆಯದಾಯಿತು. ರೋಗಾಣು ಒಂದೇ ಆದರೂ ಉಣ್ಣುವ ಅನ್ನಕ್ಕೆ ತಕ್ಕಂತೆ ರೋಗದ ಹಣೆಬರಹ ಬದಲಾಗುತ್ತದೆ ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಪ್ರಯೋಗಗಳು ಆ ಕಾಲದಲ್ಲಿ ವಿರಳ. ಮೆಕ್ಯಾರಿಸನ್ ಇದಕ್ಕೆ ಮುಖ್ಯವಾಗಿ ಜೀವಸತ್ವಗಳ ಕೊರತೆಯನ್ನು ಕಾರಣವೆಂದನು. ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾಗಳ ಪಾತ್ರವನ್ನು ಅಳೆಯುವ ಸಾಧನಗಳು ಆಗ ಇರಲಿಲ್ಲ.

ಆ ಪಾತ್ರ ಬೆಳಕಿಗೆ ಬಂದದ್ದು ಪ್ರತಿಜೈವಿಕ ಔಷಧಗಳ ಕಾಲದಲ್ಲಿ. ಅಮೆರಿಕದ ಮಾರ್ಜರಿ ಬೋನ್‌ಹಾಫ್ ಮತ್ತು ಸಿ. ಫಿಲಿಪ್ ಮಿಲ್ಲರ್ 1950ರ ದಶಕದಿಂದ 1962ರವರೆಗೆ ನಡೆಸಿದ ಪ್ರಯೋಗಗಳಲ್ಲಿ, ಸಾಮಾನ್ಯ ಇಲಿಗೆ ಸಾಲ್ಮೊನೆಲ್ಲಾ ಸೋಂಕು ತಗಲಲು ಸುಮಾರು ಒಂದು ಲಕ್ಷ ಬ್ಯಾಕ್ಟೀರಿಯಾಗಳು ಬೇಕಾದರೆ, ಸ್ಟ್ರೆಪ್ಟೊಮೈಸಿನ್ ಕೊಟ್ಟು ಕರುಳಿನ ನಿವಾಸಿಗಳನ್ನು ತೆಗೆದುಹಾಕಿದ ಇಲಿಗೆ ಬೆರಳೆಣಿಕೆಯಷ್ಟು ಸಾಕಾದವು. ನಿವಾಸಿ ಬ್ಯಾಕ್ಟೀರಿಯಾಗಳು ಒಡ್ಡುವ ಈ ಅಡ್ಡಿಗೆ ನೆದರ್ಲೆಂಡ್ಸ್‌ನ ಡಿರ್ಕ್ ವಾನ್ ಡೆರ್ ವಾಯ್ 1971ರಲ್ಲಿ ಹೆಸರು ಕೊಟ್ಟನು. ಕನ್ನಡದಲ್ಲಿ ಅದನ್ನು ‘ನೆಲೆಯೂರಿಕೆಗೆ ತಡೆ’ ಎನ್ನಬಹುದು.

ಈ ತಡೆಗೂ ಊಟಕ್ಕೂ ಇರುವ ಕೊಂಡಿ ನಾರು. ಸಣ್ಣ ಕರುಳಿನಲ್ಲಿ ಜೀರ್ಣವಾಗದ ನಾರು ಮತ್ತು ಕೆಲವು ಬಗೆಯ ಪಿಷ್ಟ ದೊಡ್ಡ ಕರುಳನ್ನು ತಲುಪಿದಾಗ ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿ ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಎಂಬ ಕಿರುಕೊಬ್ಬಿನಾಮ್ಲಗಳನ್ನು ತಯಾರಿಸುತ್ತವೆ. ಬ್ಯುಟಿರೇಟ್ ದೊಡ್ಡ ಕರುಳಿನ ಒಳಪದರದ ಜೀವಕೋಶಗಳ ಮುಖ್ಯ ಇಂಧನ. ಅದನ್ನು ಉರಿಸುವಾಗ ಆ ಕೋಶಗಳು ಆಮ್ಲಜನಕವನ್ನು ಬಳಸಿಕೊಳ್ಳುವುದರಿಂದ ಕರುಳಿನ ಒಳಗೆ ಅದು ಸೋರದೆ ಉಳಿಯುತ್ತದೆ, ಆಮ್ಲಜನಕವಿದ್ದರೆ ಹೆಚ್ಚುವ ಸಾಲ್ಮೊನೆಲ್ಲಾದಂಥ ರೋಗಾಣುಗಳಿಗೆ ಅನುಕೂಲ ತಪ್ಪುತ್ತದೆ. ನಾರು ಸಿಗದಿದ್ದರೆ ಕೆಲವು ಬ್ಯಾಕ್ಟೀರಿಯಾಗಳು ಕರುಳಿನ ಗೋಡೆಯನ್ನು ಕಾಯುವ ಲೋಳೆ ಪದರವನ್ನೇ ತಿನ್ನತೊಡಗುತ್ತವೆ ಎಂಬುದನ್ನು 2016ರಲ್ಲಿ ಮಹೇಶ್ ದೇಸಾಯಿ ಮತ್ತು ಸಂಗಡಿಗರು ಇಲಿಗಳಲ್ಲಿ ತೋರಿಸಿದರು. ಪದರ ತೆಳುವಾದ ಇಲಿಗಳಿಗೆ ಕರುಳಿನ ಸೋಂಕು ತೀವ್ರವಾಗಿ ತಗುಲಿತು.

ದಕ್ಷಿಣ ಭಾರತದಲ್ಲಿ ಈ ತತ್ವ ರೋಗಿಯ ಹಾಸಿಗೆಯ ಬಳಿಗೆ ಬಂದದ್ದು ವೆಲ್ಲೂರಿನಲ್ಲಿ. ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಬಿ. ಎಸ್. ರಾಮಕೃಷ್ಣ ಮತ್ತು ಸಂಗಡಿಗರು ಕಾಲರಾ ರೋಗಿಗಳಿಗೆ ಕೊಡುವ ಓಆರ್‌ಎಸ್ ದ್ರಾವಣಕ್ಕೆ ಜೀರ್ಣವಾಗದ ಮೆಕ್ಕೆಜೋಳದ ಪಿಷ್ಟವನ್ನು ಸೇರಿಸಿದಾಗ, ಸರಾಸರಿ 91 ಗಂಟೆಗಳಷ್ಟು ಇರುತ್ತಿದ್ದ ಭೇದಿ ಸುಮಾರು 57 ಗಂಟೆಗಳಲ್ಲಿ ನಿಂತಿತು. 2000ದಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ, ಬ್ಯಾಕ್ಟೀರಿಯಾಗಳು ಪಿಷ್ಟದಿಂದ ಮಾಡಿದ ಆಮ್ಲಗಳು ದೊಡ್ಡ ಕರುಳಿನಲ್ಲಿ ನೀರು ಮತ್ತು ಉಪ್ಪನ್ನು ಹೀರಿಕೊಳ್ಳುವ ಕೆಲಸವನ್ನು ಚುರುಕುಗೊಳಿಸುವುದೇ ಕಾರಣ.

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರ ಅರಣ್ಯದ ಅಂಚಿನಲ್ಲಿರುವ ಮದ್ದೂರಿನ ಸುತ್ತಲಿನ ಹಳೆಯ ಊಟವನ್ನು ಈ ತಿಳಿವಳಿಕೆಯಲ್ಲಿಟ್ಟು ನೋಡಿದರೆ ಅದರ ಬೆಲೆ ತಿಳಿಯುತ್ತದೆ. ರಾಗಿ ಮುದ್ದೆ, ಹುರುಳಿ ಅಥವಾ ಅವರೆಯ ಸಾರು, ಬೆರಕೆ ಸೊಪ್ಪು ಇವು ರೈತರ ದಿನದ ಊಟ. ಕಾಡಿನ ಗೆಡ್ಡೆಗೆಣಸು, ಕಳಲೆ, ಜೇನು ಇವು ಜೇನುಕುರುಬರ ಮತ್ತು ಸೋಲಿಗರ ಊಟಕ್ಕೆ ಸೇರುತ್ತಿದ್ದವು. ಬೆಳಿಗ್ಗೆ ಹೊಲಕ್ಕೆ ಹೊರಡುವ ಮುನ್ನ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಉಪ್ಪು ಹಾಕಿ, ಈರುಳ್ಳಿ ನಂಚಿಕೊಂಡು ಕುಡಿಯುವ ರೂಢಿಯಲ್ಲಿ ಎರಡು ಲಾಭಗಳಿವೆ: ಬೆಂದು ಆರಿದ ಪಿಷ್ಟದ ಒಂದು ಭಾಗ ಗಟ್ಟಿಯಾಗಿ ಜೀರ್ಣಕ್ಕೆ ಬಗ್ಗದೆ ದೊಡ್ಡ ಕರುಳಿಗೆ ಇಳಿಯುತ್ತದೆ, ಹುಳಿ ಮಜ್ಜಿಗೆಯ ಆಮ್ಲವು ಭೇದಿ ತರುವ ಅನೇಕ ಬ್ಯಾಕ್ಟೀರಿಯಾಗಳ ಬೆಳವಣಿಗೆಯನ್ನು ಹತ್ತಿಕ್ಕುತ್ತದೆ. ಮೆಕ್ಯಾರಿಸನ್ ಆರಂಭಿಸಿದ ಕೂನೂರಿನ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಈಗ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಅದು 2017ರಲ್ಲಿ ಪ್ರಕಟಿಸಿದ ಆಹಾರ ಪಟ್ಟಿಯ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ ಪಾಲಿಶ್ ಅಕ್ಕಿಯಲ್ಲಿರುವುದು 3 ಗ್ರಾಂಗಿಂತ ಕಡಿಮೆ.

1973ರಲ್ಲಿ ಬಂಡೀಪುರ ಹುಲಿ ಯೋಜನೆಗೆ ಸೇರಿದ ಮೇಲೆ ಕಾಡಿನ ಆಹಾರ ಗಿರಿಜನರ ಕೈಗೆ ಸಿಗುವುದು ಕಷ್ಟವಾಯಿತು. ಪಡಿತರದ ಅಕ್ಕಿ ಹಾಡಿಗಳ ಒಲೆಯನ್ನು ತಲುಪಿತು, 2013ರ ಅನ್ನಭಾಗ್ಯ ಯೋಜನೆ ಹಸಿವನ್ನು ನೀಗಿಸಿದ್ದರ ಜೊತೆಗೆ ತಟ್ಟೆಯಲ್ಲಿ ಅಕ್ಕಿಯ ಪಾಲನ್ನೂ ಹೆಚ್ಚಿಸಿತು. ಹಸಿವು ನೀಗಿದ್ದು ಸಣ್ಣ ಮಾತಲ್ಲ, ಆದರೆ ಅಕ್ಕಿಯ ಜೊತೆಗೆ ಕಾಳು, ಸೊಪ್ಪು, ರಾಗಿ ತಟ್ಟೆಯಲ್ಲಿ ಉಳಿಯುವಂತೆ ನೋಡಿಕೊಳ್ಳುವುದು ಅಷ್ಟೇ ಮುಖ್ಯ. ಬಾಂಗ್ಲಾದೇಶದಲ್ಲಿ ಜೆಫ್ರಿ ಗಾರ್ಡನ್ ಮತ್ತು ತಹಮೀದ್ ಅಹ್ಮದ್ ತಂಡ ಕಡಲೆ, ಸೋಯಾ, ನೆಲಗಡಲೆ, ಬಾಳೆಕಾಯಿಗಳಿಂದ ತಯಾರಿಸಿದ ಆಹಾರವನ್ನು ಅಪೌಷ್ಟಿಕ ಮಕ್ಕಳಿಗೆ ಕೊಟ್ಟಾಗ ಕರುಳಿನ ಬ್ಯಾಕ್ಟೀರಿಯಾ ಸಮುದಾಯ ಸುಧಾರಿಸಿ ಮಕ್ಕಳ ತೂಕ ಹೆಚ್ಚಿತೆಂದು 2021ರಲ್ಲಿ ವರದಿಯಾಯಿತು. ಗುಂಡ್ಲುಪೇಟೆಯ ಹೊಲಗಳಲ್ಲಿ ಕಡಲೆ, ನೆಲಗಡಲೆ, ಬಾಳೆ ಮೂರೂ ಬೆಳೆಯುತ್ತವೆ. ಅಂಗನವಾಡಿಯ ಊಟಕ್ಕೆ ಅವನ್ನು ಸ್ಥಳೀಯವಾಗಿಯೇ ಒದಗಿಸಬಹುದು. ಆದರೆ ಕಲುಷಿತ ನೀರಿನ ಮೂಲಕ ಬರುವ ರೋಗಾಣುಗಳ ಪ್ರಮಾಣ ದೊಡ್ಡದಾದಾಗ ಕರುಳಿನ ತಡೆ ಕುಸಿಯುವುದರಿಂದ, ಆಹಾರದ ಸುಧಾರಣೆಯೊಂದಿಗೆ ಶುದ್ಧ ನೀರು ಮತ್ತು ಶೌಚಾಲಯಗಳ ವ್ಯವಸ್ಥೆಯೂ ನಡೆಯಬೇಕು.