ಹ್ಯೂಮೇಟ್ಟನ್: ಕೊಚ್ಚಿ ಕೊಟ್ಟ ಹೆಸರು

ಮಲಯಾಳದಲ್ಲಿ ‘ಏಟ್ಟನ್’ ಎಂದರೆ ಅಣ್ಣ. ಅಕ್ಕರೆಯೂ ಗೌರವವೂ ಕೂಡಿದ ಪದ. 2014ರಲ್ಲಿ ಕೇರಳ ಬ್ಲಾಸ್ಟರ್ಸ್ ತಂಡಕ್ಕೆಂದು ಕೊಚ್ಚಿಗೆ ಬಂದ ಕೆನಡಾದ ಫುಟ್‌ಬಾಲ್ ಆಟಗಾರ ಇಯಾನ್ ಹ್ಯೂಮ್ ಅವರನ್ನು ಅಲ್ಲಿನ ಪ್ರೇಕ್ಷಕರು ‘ಹ್ಯೂಮೇಟ್ಟನ್’ ಎಂದು ಕರೆದರು. ಊರು ಬಿಟ್ಟು ಪರನಾಡಿನಲ್ಲಿ ನೆಲೆಸಿರುವ ನಮಗೆ ಆ ಹೆಸರಿನ ಚರಿತ್ರೆ ಕುತೂಹಲದ್ದು: ದುಡಿಮೆಗಾಗಿ ಬಂದವನು ಯಾವಾಗ ಆ ಊರಿನವನಾಗುತ್ತಾನೆ?

ಹ್ಯೂಮ್ ಹದಿಹರೆಯದಲ್ಲೇ ಇಂಗ್ಲೆಂಡಿನ ಟ್ರಾನ್‌ಮಿಯರ್ ರೋವರ್ಸ್ ಸೇರಿದವರು. ಬಳಿಕ ಲೆಸ್ಟರ್ ಸಿಟಿ, ಬಾರ್ನ್ಸ್‌ಲಿ, ಪ್ರೆಸ್ಟನ್ ತಂಡಗಳಲ್ಲಿ ಆಡಿದರು. 2008ರ ನವೆಂಬರ್‌ನಲ್ಲಿ, ಬಾರ್ನ್ಸ್‌ಲಿ ಪರ ಆಡುವಾಗ ಎದುರಾಳಿಯ ಮೊಣಕೈ ತಗುಲಿ ಅವರ ತಲೆಬುರುಡೆ ಬಿರಿಯಿತು. ತುರ್ತು ಶಸ್ತ್ರಚಿಕಿತ್ಸೆ ನಡೆಯಿತು. ಅಂಥ ಪೆಟ್ಟಿನ ನಂತರವೂ ಅವರು ಮರುವರ್ಷ ಮೈದಾನಕ್ಕೆ ಮರಳಿದರು.

ಇಂಡಿಯನ್ ಸೂಪರ್ ಲೀಗ್‌ನ ಆ ಮೊದಲ ಋತುವಿನಲ್ಲಿ ಅವರು ಹೊಡೆದದ್ದು ಐದು ಗೋಲು. ಅವುಗಳಲ್ಲೊಂದು, ಚೆನ್ನೈಯಿನ್ ತಂಡವನ್ನು ಕೊಚ್ಚಿಯಲ್ಲಿ 3–0ರಿಂದ ಮಣಿಸಿದ ಸೆಮಿಫೈನಲ್‌ನಲ್ಲಿ ಬಂತು. ಮುಂಬಯಿಯ ಫೈನಲ್ ಕೈತಪ್ಪಿತಾದರೂ ಸರಣಿಯ ಶ್ರೇಷ್ಠ ಆಟಗಾರನ ಗೌರವ ಹ್ಯೂಮ್ ಅವರಿಗೇ ಸಂದಿತು.

ಕೇರಳದ ಫುಟ್‌ಬಾಲ್‌ಗೆ ವಲಸೆ ಹೊಸದಲ್ಲ. ಆದರೆ ಅಲ್ಲಿಯವರೆಗೆ ಹೊರಟುಹೋಗುತ್ತಿದ್ದವರು ಅಲ್ಲಿನ ಮಕ್ಕಳೇ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಆಡಿದ ಇರಿಂಜಾಲಕುಡದ ಒ. ಚಂದ್ರಶೇಖರನ್ ಮುಂಬಯಿಯ ಕಾಲ್ಟೆಕ್ಸ್ ಕಂಪನಿಯ ತಂಡ ಸೇರಿದ್ದರು. ತಿರುವನಂತಪುರದಲ್ಲಿ ಕೇಂದ್ರ ಕಚೇರಿಯುಳ್ಳ ಕೇರಳ ಪೊಲೀಸರ ತಂಡ 1990ರಲ್ಲೂ 1991ರಲ್ಲೂ ಫೆಡರೇಷನ್ ಕಪ್ ಗೆದ್ದಿತು. ಆದರೆ ಅದರ ಐ. ಎಂ. ವಿಜಯನ್ ಅವರನ್ನು ಕೋಲ್ಕತ್ತದ ಮೋಹನ್ ಬಾಗಾನ್ ಸೆಳೆದುಕೊಂಡಿತು. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಕೂಡ 1949ರಲ್ಲಿ ಈಸ್ಟ್ ಬೆಂಗಾಲ್ ಸೇರಿ, ಅಲ್ಲಿನ ‘ಪಂಚಪಾಂಡವ’ರಲ್ಲಿ ಒಬ್ಬರಾದರು. ಆ ಐವರಲ್ಲಿ ಕೇರಳದ ಸಾಲೆಯವರೂ ಇದ್ದರು. ಸಂಬಳವೂ ಹೆಸರೂ ಇದ್ದ ಕಡೆಗೆ ಆಟಗಾರ ನಡೆದ. ಅದು ದ್ರೋಹವಲ್ಲ, ಬದುಕು.

ಹ್ಯೂಮ್ ಅವರೂ 2015ರಲ್ಲಿ ಕೋಲ್ಕತ್ತದ ತಂಡಕ್ಕೆ ಹೊರಟರು. ನಿಜವಾದ ಪರೀಕ್ಷೆ ಎದುರಾದದ್ದು 2016ರ ಡಿಸೆಂಬರ್ 18ರಂದು, ಕೊಚ್ಚಿಯ ಫೈನಲ್‌ನಲ್ಲಿ. ಈಗ ‘ಅಣ್ಣ’ ಎದುರಾಳಿ. ಪಂದ್ಯ 1–1ರಲ್ಲಿ ನಿಂತು ಪೆನಾಲ್ಟಿಗೆ ಹೋಯಿತು. ಕೋಲ್ಕತ್ತದ ಪರ ಮೊದಲ ಹೊಡೆತ ಹ್ಯೂಮ್ ಅವರದೇ. ಗೋಲ್‌ಕೀಪರ್ ಗ್ರಹಾಂ ಸ್ಟ್ಯಾಕ್ ಅದನ್ನು ತಡೆದರು. ಆದರೂ ಕಪ್ 4–3ರಿಂದ ಕೋಲ್ಕತ್ತಕ್ಕೇ ಹೋಯಿತು.

ಮರುವರ್ಷ ಕೇರಳ ಅವರನ್ನು ಮತ್ತೆ ಕರೆಸಿಕೊಂಡಿತು. 2018ರ ಜನವರಿ 10ರಂದು ದಿಲ್ಲಿಯಲ್ಲಿ, ಹಿಂದೊಮ್ಮೆ ಬಿರಿದಿದ್ದ ತಲೆಗೆ ಮತ್ತೆ ಗಾಯವಾಗಿ ರಕ್ತ ಸುರಿಯಿತು. ಪಟ್ಟಿ ಕಟ್ಟಿಕೊಂಡೇ ಆಡಿದ ಹ್ಯೂಮ್ ಮೂರು ಗೋಲು ಹೊಡೆದು 3–1ರ ಗೆಲುವು ತಂದರು. ಮುಂದಿನ ತಿಂಗಳಲ್ಲೇ ಗಾಯ ಅವರ ಋತುವನ್ನು ಮುಗಿಸಿತು. ಆಮೇಲೆ ಅವರು ಪುಣೆಯ ತಂಡ ಸೇರಿದರು.

ಕೊಚ್ಚಿಯಲ್ಲಿ ಹ್ಯೂಮ್ ಆಡಿದ್ದು ಎರಡೇ ಋತು. ಪ್ರತಿಸ್ಪರ್ಧಿಯ ಅಂಗಿ ತೊಟ್ಟು ಕಪ್ ಕಸಿದುಕೊಂಡ ತಂಡದಲ್ಲೂ ಅವರಿದ್ದರು. ಹಾಗಿದ್ದೂ ‘ಏಟ್ಟನ್’ ಎಂಬ ಹೆಸರನ್ನು ಆ ಊರು ಹಿಂದಕ್ಕೆ ಪಡೆಯಲಿಲ್ಲ. ವಲಸೆ ಬಂದವನಿಂದ ಊರು ಕೇಳುವುದು ಹುಟ್ಟಿನ ದಾಖಲೆಯನ್ನಲ್ಲ, ಇದ್ದಷ್ಟು ದಿನ ಮೈಮುರಿದು ದುಡಿಯುವುದನ್ನು ಎಂದು ನಾವು ತಿಳಿಯುತ್ತೇವೆ.