ಎಷ್ಟು ದಿನದಿಂದ ಇಲ್ಲಿದ್ದೀರಿ?

ಕೊಪ್ಪಳ ಸೀಮೆಯಲ್ಲಿ ಸ್ಥಳೀಯ ಮೀಸಲಾತಿಯ 371ಜೆ ಸರ್ಟಿಫಿಕೇಟಿಗೆ ಓಡಾಡುವವರಿಗೆ ವೀಸಾ ದೂರದ ಮಾತು. ಆದರೆ ಅವರ ಅರ್ಜಿಯೂ ಪರದೇಶಿಯ ಅರ್ಜಿಯೂ ಕೇಳುವುದು ಒಂದನ್ನೇ: ಎಷ್ಟು ದಿನದಿಂದ ಇಲ್ಲಿದ್ದೀರಿ?

ವಿಜಯನಗರದ ಕಾಲಕ್ಕೆ ಅದಕ್ಕಿಂತ ಕಸುಬು ಮುಖ್ಯವಾಗಿತ್ತು. 1520ರಲ್ಲಿ ಕೃಷ್ಣದೇವರಾಯ ರಾಯಚೂರು ಕೋಟೆ ಮುತ್ತಿದಾಗ ಪೋರ್ಚುಗೀಸರ ಫಿಗೆರೆದೊ ಬಂದೂಕುಗಾರರೊಡನೆ ನೆರವಿಗೆ ನಿಂತ. ಅರಸರ ಚರಿತ್ರೆ ಬರೆದಿಟ್ಟ ನೂನಿಜ್ ಕುದುರೆ ವ್ಯಾಪಾರಿ. ಕುದುರೆ ಮತ್ತು ಮದ್ದುಗುಂಡು ಬಲ್ಲವನಿಗೆ ಬಾಗಿಲು ತೆರೆದಿತ್ತು.

1800ರಲ್ಲಿ ಬಳ್ಳಾರಿ ಸೀಮೆ ಕಂಪನಿಯ ಪಾಲಾದ ಮೇಲೆ ತುಂಗಭದ್ರೆಯೇ ಗಡಿ. ಹಂಪಿಯಿಂದ ಹರಿಗೋಲು ಹತ್ತಿ ಆನೆಗೊಂದಿಯಲ್ಲಿ ಇಳಿದರೆ ನಿಜಾಮನ ರಾಜ್ಯ. ಕಾಗದದ ಕಾಲ ಶುರುವಾದದ್ದು ಅಲ್ಲಿ. 1919ರ ಮುಲ್ಕಿ ನಿಯಮದಂತೆ ಹೈದರಾಬಾದ್ ಸಂಸ್ಥಾನದ ನೌಕರಿ ಸ್ಥಳೀಯರಿಗೆ. ಹೊರಗಿನವನು ಮುಲ್ಕಿ ಅನ್ನಿಸಿಕೊಳ್ಳಲು 15 ವರ್ಷ ನೆಲೆಸಿರಬೇಕು, ಹುಟ್ಟೂರಿಗೆ ಮರಳುವ ಯೋಚನೆ ಬಿಟ್ಟಿದ್ದೇನೆಂದು ಬರೆದುಕೊಡಬೇಕು. ಇಂದಿನ ಎಷ್ಟೋ ದೇಶಗಳ ಕಾಯಂ ವಾಸದ ಕಾನೂನೂ ಹೀಗೆ ವಾಸದ ವರ್ಷಗಳನ್ನೇ ಎಣಿಸುತ್ತದೆ. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯ ಸೇರಿದ ಮೇಲೆ ಇತ್ತ ಆ ಮಾತು ಮರೆಯಾಯಿತು.

ಅಷ್ಟರಲ್ಲಿ 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಿತ್ತು. ಎಡದಂಡೆ ಕಾಲುವೆಯ ನೀರು ನಂಬಿ ಕರಾವಳಿ ಆಂಧ್ರದ ರೈತರು ಬಂದರು, ಗಂಗಾವತಿ ಸುತ್ತ ಹೊಲ ಕೊಂಡು ಕ್ಯಾಂಪು ಕಟ್ಟಿದರು. ಶ್ರೀರಾಮನಗರದಂಥ ಊರು ಬೆಳೆದದ್ದು ಹಾಗೆ. ಒಂದೇ ದೇಶದ ಮಂದಿ, ಕಾಗದ ಕೇಳುವ ಪ್ರಮೇಯವೇ ಇರಲಿಲ್ಲ. ಅತ್ತ ನೀರು ಕಾಣದ ಕುಷ್ಟಗಿ, ಯಲಬುರ್ಗಾದ ಮಂದಿ ಗೋವಾ, ಮಂಗಳೂರು, ಬೆಂಗಳೂರಿಗೆ ಗುಳೆ ಹೋದರು. ಮುಲ್ಕಿ ಲೆಕ್ಕ ಸಂವಿಧಾನದ 371ಜೆ ಕಲಮಿನ ಮೂಲಕ 2013ರಲ್ಲಿ ಮತ್ತೆ ಬಂತು. ಈ ಸಲ 2013ರ ಜನವರಿ 1ಕ್ಕೆ ಮುಂಚೆ 10 ವರ್ಷದ ವಾಸ ಸಾಕು. ಕ್ಯಾಂಪಿನ ಮೊಮ್ಮಕ್ಕಳಿಗೂ ಆ ಸರ್ಟಿಫಿಕೇಟು ಸಿಗುತ್ತದೆ, ಸಿಗಬೇಕಾದ್ದೇ.

ನಿಜವಾದ ಪರದೇಶಿಯನ್ನು ಈ ಜಿಲ್ಲೆ ಕಂಡದ್ದು ಹಂಪಿಯ ಎದುರಿನ ವಿರುಪಾಪುರ ಗಡ್ಡಿಯಲ್ಲಿ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಾಲಕ್ರಮೇಣ ಹೊಳೆಯ ಈ ದಂಡೆಯಲ್ಲಿ ಗುಡಿಸಲು ಹೋಟೆಲುಗಳೆದ್ದವು. ಮಿಲಿಟರಿ ಸೇವೆ ಮುಗಿಸಿದ ಇಸ್ರೇಲಿ ಹುಡುಗರು, ಬಂಡೆ ಹತ್ತುವ ಯುರೋಪಿನವರು ವಾರಗಟ್ಟಲೆ ಉಳಿದರು. ಮೆನುವಿನಲ್ಲಿ ಹೀಬ್ರೂ ಕೂಡ ಬಂತು. ಆಗಿನ ನಿಯಮ ಸರಳ: ವಸತಿ ಕೊಟ್ಟವರು 24 ಗಂಟೆಯೊಳಗೆ ಸಿ ಫಾರಂ ತುಂಬಬೇಕಿತ್ತು, 180 ದಿನ ಮೀರಿ ಉಳಿಯುವವರು ಎಸ್‌ಪಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕಿತ್ತು. ಪ್ರವಾಸಿ ವೀಸಾದಲ್ಲಿ ದುಡಿಯುವಂತಿಲ್ಲ. ಉದ್ಯೋಗ ವೀಸಾಕ್ಕೆ ವರ್ಷಕ್ಕೆ 16.25 ಲಕ್ಷ ರೂಪಾಯಿ ಸಂಬಳ ಇರಬೇಕಿತ್ತು. ತಮ್ಮ ದೇಶದ ಅಡುಗೆ ಮಾಡುವವರಿಗೆ, ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಕಲಿಸುವವರಿಗೆ ಆ ಮಿತಿಯಿಂದ ವಿನಾಯಿತಿ ಇಟ್ಟಿದ್ದರು. ಬಂಡೆ ಹತ್ತಲು ಕಲಿಸುವವನಿಗೆ ಇರಲಿಲ್ಲ! ಬಂಡೆಯೇ ಬಂಡವಾಳವಾದ ಗಂಗಾವತಿಗೆ ಇದು ಹೊಂದದ ಲೆಕ್ಕ ಅಂತ ನನಗನ್ನಿಸುತ್ತದೆ.

2009ರ ಕೊನೆಗೆ ಸರಕಾರ ಬಿಗಿಯಾಯಿತು: ದೇಶ ಬಿಟ್ಟ ಪ್ರವಾಸಿ ಎರಡು ತಿಂಗಳು ಮರಳುವಂತಿಲ್ಲ. ನೇಪಾಳಕ್ಕೆ ಹೋಗಿ ಬಂದು ಮತ್ತೆ ಉಳಿಯುವ ರೂಢಿಗೆ ಅದು ಪೆಟ್ಟು. 2012ರಲ್ಲಿ ಹೆಚ್ಚಿನ ದೇಶದವರಿಗೆ ಅದು ಸಡಿಲಾಯಿತು. 2014ರಲ್ಲಿ ಇಸ್ರೇಲ್, ಜಪಾನ್ ಸೇರಿ 43 ದೇಶಗಳಿಗೆ ಆನ್‌ಲೈನ್ ವೀಸಾ ಅರ್ಜಿ ಬಂತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಗಡ್ಡಿಯ ರೆಸಾರ್ಟುಗಳನ್ನು ಕೆಡವಲು ಹೇಳಿತು, ಮಾರ್ಚಿನಲ್ಲಿ ಕೆಡವಿದರು. ವಹಿವಾಟು ಸಣಾಪುರ, ಆನೆಗೊಂದಿ ಕಡೆ ಸರಿಯಿತು. 1939 ಮತ್ತು 1946ರ ಹಳೆ ಕಾನೂನುಗಳ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆ ಬಂದಿದೆ.

ಈಗ ಗುಳೆಯ ದಾರಿ ಜಪಾನಿನವರೆಗೂ ಚಾಚಿದೆ. ಅಲ್ಲಿ 1993ರಿಂದ ಹೊರಗಿನವರನ್ನು ‘ತರಬೇತಿ’ಯ ಹೆಸರಲ್ಲಿ ಕರೆಸಿ ಕಾರ್ಖಾನೆ, ಹೊಲಗಳಲ್ಲಿ ದುಡಿಸಿಕೊಂಡರು, ಮಾಲೀಕನನ್ನು ಬದಲಿಸುವುದು ಹೆಚ್ಚುಕಡಿಮೆ ಅಸಾಧ್ಯವಾಗಿತ್ತು. 2019ರಲ್ಲಿ ಕೆಲಸಕ್ಕೆ ಕೆಲಸವೆಂದೇ ಹೆಸರಿಟ್ಟು ‘ನಿರ್ದಿಷ್ಟ ಕೌಶಲ’ದ ವೀಸಾ ತಂದರು. 2021ರಲ್ಲಿ ಭಾರತ ಆ ವೀಸಾದ ಒಪ್ಪಂದಕ್ಕೆ ಸಹಿ ಹಾಕಿತು. 2025ರ ಆಗಸ್ಟಿನಲ್ಲಿ, ಐದು ವರ್ಷದಲ್ಲಿ 50,000 ಭಾರತೀಯ ಕುಶಲಿಗರನ್ನು ಬರಮಾಡಿಕೊಳ್ಳುವ ಗುರಿಯನ್ನು ಎರಡೂ ದೇಶ ಪ್ರಕಟಿಸಿದವು. ಯಲಬುರ್ಗಾದಲ್ಲಿ ಐಟಿಐ ಓದಿದ ಹುಡುಗ ಹೋಗಬೇಕಾದರೆ ಕಸುಬಿನ ಪರೀಕ್ಷೆಯ ಜೊತೆ ಜಪಾನಿ ಭಾಷೆಯ ಎನ್‌4 ಮಟ್ಟದ ಪರೀಕ್ಷೆಯನ್ನೂ ಪಾಸಾಗಬೇಕು. ಮೊದಲ ಹಂತದಲ್ಲಿ ವಾಸ ಸಾಮಾನ್ಯವಾಗಿ ಐದು ವರ್ಷಕ್ಕೆ ಸೀಮಿತ. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಎರಡನೇ ಹಂತಕ್ಕೆ ಏರಬೇಕು.