ಬೆಂಗಳೂರು ಮುಸ್ಲಿಮ್ಸ್‌ನಿಂದ ಐಎಸ್‌ಎಲ್‌ವರೆಗೆ: ಫುಟ್‌ಬಾಲಿನಲ್ಲಿ ದೊಡ್ಡವರು ಮತ್ತು ಸಣ್ಣವರು

1937ರಲ್ಲಿ ಬೊಂಬಾಯಿಯಲ್ಲಿ ನಡೆದ ರೋವರ್ಸ್ ಕಪ್ ಫೈನಲ್ ಪಂದ್ಯದಲ್ಲಿ ಬೆಂಗಳೂರು ಮುಸ್ಲಿಮ್ಸ್ ಎಂಬ ತಂಡ ಕಲ್ಕತ್ತೆಯ ಪ್ರಖ್ಯಾತ ಮೊಹಮ್ಮಡನ್ ಸ್ಪೋರ್ಟಿಂಗ್ ತಂಡವನ್ನು 1-0 ಗೋಲಿನಿಂದ ಸೋಲಿಸಿತು. ಈ ಸಂಗತಿ ಇಂದು ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟು ಜನರಿಗೆ ಗೊತ್ತು? ಐಪಿಎಲ್ ಹರಾಜಿನಲ್ಲಿ ಯಾವ ಆಟಗಾರ ಎಷ್ಟು ಕೋಟಿಗೆ ಹೋದ ಎಂಬುದನ್ನು ನಮ್ಮ ಮಕ್ಕಳು ಬಾಯಿಪಾಠ ಒಪ್ಪಿಸುತ್ತಾರೆ. ಆದರೆ ನಮ್ಮದೇ ರಾಜ್ಯದ, ಹೆಚ್ಚಿನ ಹಣಬಲವಿಲ್ಲದ ತಂಡವೊಂದು ದೇಶದ ಅತ್ಯಂತ ಹಳೆಯ ಪಂದ್ಯಾವಳಿಗಳಲ್ಲೊಂದನ್ನು ಗೆದ್ದುಕೊಂಡ ಚರಿತ್ರೆ ಪಠ್ಯಪುಸ್ತಕದಲ್ಲೂ ಇಲ್ಲ, ಮನೆಮಾತಿನಲ್ಲೂ ಇಲ್ಲ.

ಈ ಚರಿತ್ರೆಯನ್ನು ನೆನೆಯುವುದು ಹೆಮ್ಮೆಪಡುವುದಕ್ಕಷ್ಟೇ ಅಲ್ಲ. ಸಣ್ಣ ತಂಡಗಳು ಬೆಳೆಸಿದ ಪ್ರತಿಭೆ ದೊಡ್ಡ ತಂಡಗಳಿಗೆ ಹೋಗುವುದು ಲೋಕರೂಢಿ. ಹೀಗೆ ಮೇಲೆ ಹೋದ ಪ್ರತಿಭೆಯಿಂದ ಹುಟ್ಟಿದ ಸಂಪತ್ತು ಮತ್ತೆ ಕೆಳಗೆ ಇಳಿದು ಬರುತ್ತದೆಯೇ? ಬಾರದಿದ್ದರೆ ಏನಾಗುತ್ತದೆ? ಈ ಪ್ರಶ್ನೆಗೆ ನಮ್ಮ ರಾಜ್ಯದ ಫುಟ್‌ಬಾಲ್ ಚರಿತ್ರೆಯಲ್ಲಿ ಸ್ಪಷ್ಟವಾದ ಉತ್ತರವಿದೆ.

ದಂಡಿನ ಆಟ, ಜನರ ಆಟವಾದದ್ದು

ಬೆಂಗಳೂರಿಗೆ ಫುಟ್‌ಬಾಲ್ ಬಂದದ್ದು ಬ್ರಿಟಿಷ್ ಸೈನಿಕರ ಮೂಲಕ. 1809ರಲ್ಲಿ ಸ್ಥಾಪನೆಯಾದ ದಂಡು ಪ್ರದೇಶದ ಮೈದಾನಗಳಲ್ಲಿ ಗೋರಾ ಸಿಪಾಯಿಗಳು ಆಡುತ್ತಿದ್ದ ಆಟವನ್ನು ಸುತ್ತಲಿನ ಮೊಹಲ್ಲಾಗಳ ಹುಡುಗರು ನೋಡಿ ಕಲಿತರು. ಬೂಟು ಕೊಳ್ಳುವ ಶಕ್ತಿ ಇಲ್ಲದವರು ಬರಿಗಾಲಿನಲ್ಲೇ ಆಡಿದರು. ಬೆಂಗಳೂರು ಮುಸ್ಲಿಮ್ಸ್, ಬೆಂಗಳೂರು ಕ್ರೆಸೆಂಟ್, ಬೆಂಗಳೂರು ಬ್ಲೂಸ್ ಮೊದಲಾದ ತಂಡಗಳು ಬೆಳೆದದ್ದು ಇಂತಹ ವಾತಾವರಣದಲ್ಲಿ. ಸದಸ್ಯರ ಚಂದಾ, ಉಳ್ಳವರ ದೇಣಿಗೆ, ಟಿಕೆಟ್ಟಿನಿಂದ ಬಂದ ಅಲ್ಪಸ್ವಲ್ಪ ಹಣ, ಇವೇ ಅಂದಿನ ಕ್ಲಬ್ಬುಗಳ ಆದಾಯ.

ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಆರಂಭವಾಯಿತು. ನಾಲ್ಕೂವರೆ ದಶಕಗಳ ಕಾಲ ಅದನ್ನು ಗೆದ್ದವರೆಲ್ಲ ಬ್ರಿಟಿಷ್ ತಂಡಗಳು. 1923ರಲ್ಲಿ ಮೋಹನ್ ಬಗಾನ್ ಫೈನಲ್ ತಲುಪಿತಾದರೂ ಸೋತು ಹಿಂತಿರುಗಿತು. ಕೊನೆಗೆ 1937ರಲ್ಲಿ ಆ ಕಪ್ಪನ್ನು ಎತ್ತಿ ಹಿಡಿದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ 1938ರಲ್ಲಿ ಆರ್ಗೈಲ್ ಅಂಡ್ ಸದರ್ಲೆಂಡ್ ಹೈಲ್ಯಾಂಡರ್ಸ್ ಎಂಬ ಸೈನಿಕ ತಂಡವನ್ನು 3-2ರಿಂದ ಸೋಲಿಸಿ ಮತ್ತೊಮ್ಮೆ ಕಪ್ ತಂದಿತು. 1948ರಲ್ಲಿ ಮೂರನೆಯ ಸಲವೂ ಗೆದ್ದಿತು.

1937ರ ಎದುರಾಳಿ ಸಾಮಾನ್ಯ ತಂಡವಾಗಿರಲಿಲ್ಲ. ಮೊಹಮ್ಮಡನ್ ಸ್ಪೋರ್ಟಿಂಗ್ 1934ರಿಂದ 1938ರವರೆಗೆ ಸತತ ಐದು ವರ್ಷ ಕಲ್ಕತ್ತಾ ಲೀಗ್ ಗೆದ್ದ ತಂಡ. ಕಲ್ಕತ್ತೆಯ ಮೈದಾನಕ್ಕೆ ಸಾವಿರಾರು ಜನ ಸೇರುತ್ತಿದ್ದರು. ಜನ ಸೇರಿದಲ್ಲಿ ಹಣ, ಹಣವಿದ್ದಲ್ಲಿಗೆ ಆಟಗಾರ. ಆ ತಂಡ ತನ್ನ ಬಲವನ್ನು ಹೆಚ್ಚಿಸಿಕೊಳ್ಳಲು ಬೆಂಗಳೂರೂ ಸೇರಿದಂತೆ ದೇಶದ ನಾನಾ ಕಡೆಗಳಿಂದ ಪ್ರತಿಭಾವಂತರನ್ನು ಕರೆಸಿಕೊಂಡಿತ್ತು. ಅಂದರೆ ಬೆಂಗಳೂರು ತಾನೇ ಬೆಳೆಸಿ ಕಳಿಸಿಕೊಟ್ಟ ಮೇಲೂ ತನ್ನಲ್ಲಿ ಉಳಿದವರನ್ನು ಕಟ್ಟಿಕೊಂಡು ಆ ದೊಡ್ಡ ತಂಡವನ್ನು ಸೋಲಿಸಿತು! ಆಟದ ಸೊಗಸು ಇರುವುದೇ ಇಂತಹ ಫಲಿತಾಂಶದಲ್ಲಿ.

ಕಲ್ಕತ್ತೆಯ ಸೆಳೆತ

ಆದರೆ ಒಂದು ದಿನದ ಗೆಲುವು ಬೇರೆ, ಇಪ್ಪತ್ತು ವರ್ಷದ ಬಾಳಿಕೆ ಬೇರೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮೈಸೂರು ರಾಜ್ಯದ ಫುಟ್‌ಬಾಲ್ ಉತ್ತುಂಗದಲ್ಲಿತ್ತು. 1946ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ವಿರುದ್ಧ 1-2ರಿಂದ ಸೋತಾಗ ನಮ್ಮ ಏಕೈಕ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಅದೇ ತಂಡದಲ್ಲಿ ಬರಿಗಾಲಿನಲ್ಲಿ ಆಡಿ ಹೆಸರಾದ ಮತ್ತೊಬ್ಬ ಬೆಂಗಳೂರಿಗ ಅಹ್ಮದ್ ಖಾನ್.

ಅಹ್ಮದ್ ಖಾನ್ ಅವರ ಜೀವನವೇ ನಮ್ಮ ವಿಷಯಕ್ಕೆ ಕನ್ನಡಿ. ಬೆಂಗಳೂರು ಕ್ರೆಸೆಂಟ್ ಮತ್ತು ಬೆಂಗಳೂರು ಮುಸ್ಲಿಮ್ಸ್ ತಂಡಗಳಲ್ಲಿ ಪಳಗಿದ ಅವರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿದರು. ಅಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇಹ್ ಅವರೊಂದಿಗೆ ‘ಪಂಚ ಪಾಂಡವರು’ ಎಂದು ಜನ ಕರೆದ ಮುಂಚೂಣಿ ಪಡೆಯ ಸದಸ್ಯರಾದರು. ಈಸ್ಟ್ ಬೆಂಗಾಲ್ 1949ರಿಂದ 1951ರವರೆಗೆ ಮೂರು ವರ್ಷ ಸತತವಾಗಿ ಐಎಫ್‌ಎ ಶೀಲ್ಡ್ ಗೆದ್ದಿತು. 1951ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲೂ ಅವರಿದ್ದರು. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ವಿರುದ್ಧ ಭಾರತದ ಏಕೈಕ ಗೋಲು ಅವರದೇ. ಕಲ್ಕತ್ತೆಯಲ್ಲಿ ಹತ್ತು ವರ್ಷ ಆಡಿದ ಅವರು 2017ರಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

ಅಹ್ಮದ್ ಖಾನ್ ಹೋದದ್ದು ತಪ್ಪೇ? ಖಂಡಿತ ಅಲ್ಲ. ಪ್ರತಿಭೆ ಇದ್ದವನಿಗೆ ದೊಡ್ಡ ರಂಗಸ್ಥಳ ಸಿಗಲೇಬೇಕು. ಅವರಿಗೆ ಆಟ ಕಲಿಸಿದ ಬೆಂಗಳೂರಿನ ಸಣ್ಣ ಕ್ಲಬ್ಬಿಗೆ ಆ ಹತ್ತು ವರ್ಷಗಳ ಕೀರ್ತಿಯಿಂದ ಏನು ದಕ್ಕಿತು ಎಂದು ಮಾತ್ರ ಕೇಳಬೇಕು. ಬೆಳೆಸಿದವರಿಗೆ ಪಾಲು ಕೊಡಬೇಕೆಂಬ ನಿಯಮ ಆ ಕಾಲದಲ್ಲಿ ಇರಲಿಲ್ಲ. ಆಟಗಾರ ಹೋದರೆ ಹೋದ, ಅಷ್ಟೆ. 1948ರ ನಂತರ ಬೆಂಗಳೂರು ಮುಸ್ಲಿಮ್ಸ್ ಮತ್ತೆ ರೋವರ್ಸ್ ಕಪ್ ಗೆಲ್ಲಲಿಲ್ಲ.

ಕಾರ್ಖಾನೆಗಳ ಕಾಲ

ಎರಡನೆಯ ಸೆಳೆತ ಊರೊಳಗೇ ಹುಟ್ಟಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1954ರಲ್ಲಿ ಬಿಇಎಲ್ ಸ್ಥಾಪನೆಯಾದವು. ಈ ಕಾರ್ಖಾನೆಗಳು ಕ್ರೀಡೆಗೆ ಪ್ರೋತ್ಸಾಹ ಕೊಟ್ಟವು. ಆಟಗಾರನಿಗೆ ಖಾಯಂ ನೌಕರಿ, ವಸತಿ, ನಿವೃತ್ತಿ ವೇತನ ಸಿಗುವಂತಾಯಿತು. ಬಡ ಕುಟುಂಬದ ಹುಡುಗನಿಗೆ ಚೆಂಡು ಒದೆಯುವ ಕಾಲೇ ಅನ್ನದ ಬಟ್ಟಲಾಯಿತು. ಇದು ದೊಡ್ಡ ಉಪಕಾರವೇ. 1967-68 ಮತ್ತು 1968-69ರಲ್ಲಿ ಮೈಸೂರು ಎರಡು ಸಲ ಸತತವಾಗಿ ಸಂತೋಷ್ ಟ್ರೋಫಿ ಗೆದ್ದದ್ದು ಇದೇ ಕಾಲದಲ್ಲಿ.

ಆದರೆ ನೌಕರಿ ಕೊಡಲಾಗದ ಮೊಹಲ್ಲಾ ಕ್ಲಬ್ಬುಗಳು ಈ ಸ್ಪರ್ಧೆಯಲ್ಲಿ ಉಳಿಯುವುದು ಹೇಗೆ? ಅವು ಹುಡುಗರನ್ನು ತಯಾರು ಮಾಡಿ ಕಾರ್ಖಾನೆಗಳ ತಂಡಕ್ಕೆ ಕಳಿಸುವ ಮೆಟ್ಟಿಲುಗಳಾದವು. 1991ರ ಆರ್ಥಿಕ ಉದಾರೀಕರಣದ ನಂತರ ಸರಕಾರಿ ಉದ್ಯಮಗಳಲ್ಲಿ ಕ್ರೀಡಾ ನೇಮಕಾತಿ ಕುಗ್ಗಿತು. ಎಚ್‌ಎಎಲ್ ತಂಡ ಐ-ಲೀಗ್‌ನಲ್ಲಿ ಆಡಿ 2011-12ರ ಹಂಗಾಮಿನಲ್ಲಿ ಕೆಳಗಿಳಿಯಿತು. ಮೇಲಿನ ಮಹಡಿ ಕುಸಿದಾಗ ಕೆಳಗಿನ ಮೆಟ್ಟಿಲುಗಳೂ ಸವೆದುಹೋಗಿದ್ದವು.

ಟೆಲಿವಿಷನ್ ಹಣ: ಅಮೆರಿಕದ ಪಾಠ

ಮೂರನೆಯ ಸೆಳೆತ ಟೆಲಿವಿಷನ್. ಇದನ್ನು ಅರ್ಥಮಾಡಿಕೊಳ್ಳಲು ಅಮೆರಿಕದ ಕಾಲೇಜು ಫುಟ್‌ಬಾಲನ್ನು ನೋಡಬೇಕು. ಅದು ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯೇ ಆಟ. ಆದರೆ ಅಲ್ಲಿನ ಲೆಕ್ಕಾಚಾರ ನಮಗೂ ಪಾಠವೇ. ಅಲ್ಲಿ ವಿಶ್ವವಿದ್ಯಾನಿಲಯಗಳು ‘ಕಾನ್ಫರೆನ್ಸ್’ ಎಂಬ ಗುಂಪುಗಳಾಗಿ ಆಡುತ್ತವೆ. ಹಿಂದೆ ಯಾವ ಪಂದ್ಯ ಟಿ.ವಿ.ಯಲ್ಲಿ ಬರಬೇಕೆಂಬುದನ್ನು ಎನ್‌ಸಿಎಎ ಎಂಬ ಕೇಂದ್ರ ಸಂಸ್ಥೆ ನಿಯಂತ್ರಿಸುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾನಿಲಯಗಳು ಕೋರ್ಟಿಗೆ ಹೋದವು. 1984ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 7-2ರ ಬಹುಮತದಿಂದ ಆ ನಿಯಂತ್ರಣವನ್ನು ರದ್ದುಮಾಡಿತು. ಅಂದಿನಿಂದ ಜನಪ್ರಿಯ ಗುಂಪುಗಳು ತಮ್ಮ ಪಂದ್ಯಗಳನ್ನು ತಾವೇ ಮಾರತೊಡಗಿದವು.

ಪರಿಣಾಮವೇನು? ಬಿಗ್ ಟೆನ್ ಎಂಬ ಗುಂಪು 2022ರಲ್ಲಿ ಮಾಡಿಕೊಂಡ ಏಳು ವರ್ಷಗಳ ಟಿ.ವಿ. ಒಪ್ಪಂದದ ಮೊತ್ತ 700 ಕೋಟಿ ಡಾಲರಿಗೂ ಹೆಚ್ಚು. ರಾಷ್ಟ್ರೀಯ ಪ್ಲೇಆಫ್ ಪಂದ್ಯಗಳ ಹೊಸ ಒಪ್ಪಂದದಲ್ಲಿ ಬಿಗ್ ಟೆನ್ ಮತ್ತು ಎಸ್‌ಇಸಿ ಎಂಬ ಎರಡೇ ಗುಂಪುಗಳಿಗೆ ತಲಾ ಸುಮಾರು ಶೇಕಡ 29 ಪಾಲು. ಸಣ್ಣ ಗುಂಪುಗಳು ಐದೂ ಸೇರಿ ಹಂಚಿಕೊಳ್ಳಬೇಕಾದದ್ದು ಸುಮಾರು ಶೇಕಡ 9. ಆಸೆ ಅಲ್ಲಿಗೂ ನಿಲ್ಲಲಿಲ್ಲ. 1915ರಲ್ಲಿ ಹುಟ್ಟಿದ ಪೆಸಿಫಿಕ್ ತೀರದ ಪ್ಯಾಕ್-12 ಎಂಬ ಗುಂಪಿನ 12 ಸದಸ್ಯರಲ್ಲಿ 10 ವಿಶ್ವವಿದ್ಯಾನಿಲಯಗಳು ಹೆಚ್ಚಿನ ಹಣವಿರುವ ಗುಂಪುಗಳಿಗೆ ಹೊರಟುಹೋದವು. 2024ರ ಹೊತ್ತಿಗೆ ಅಲ್ಲಿ ಉಳಿದದ್ದು ಎರಡೇ.

ಆ ದೇಶದಲ್ಲೂ ಒಂದು 1937 ನಡೆದಿದೆ. 2007ರಲ್ಲಿ ಮಿಷಿಗನ್ ಎಂಬ ಬಲಾಢ್ಯ ವಿಶ್ವವಿದ್ಯಾನಿಲಯ ಅಪಲೇಚಿಯನ್ ಸ್ಟೇಟ್ ಎಂಬ ಸಣ್ಣ ತಂಡಕ್ಕೆ 4 ಲಕ್ಷ ಡಾಲರ್ ಕೊಟ್ಟು ತನ್ನ ಮೈದಾನಕ್ಕೆ ಆಡಲು ಕರೆಸಿತು. ಸುಲಭದ ಗೆಲುವು ಎಂದುಕೊಂಡಿದ್ದವರ ಮುಂದೆ, ಲಕ್ಷಕ್ಕೂ ಹೆಚ್ಚು ಪ್ರೇಕ್ಷಕರ ಎದುರು, ಸಣ್ಣ ತಂಡ 34-32ರಿಂದ ಗೆದ್ದಿತು. ಆದರೆ ಆ ಗೆಲುವಿನಿಂದಲೂ ಹಂಚಿಕೆಯ ಲೆಕ್ಕ ಬದಲಾಗಲಿಲ್ಲ.

ನಮ್ಮಲ್ಲಿ ಆದದ್ದು

ಭಾರತದಲ್ಲೂ ಇಂತಹದೇ ಬೆಳವಣಿಗೆ ಆಯಿತು. 2010ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ 15 ವರ್ಷಗಳಿಗೆ 700 ಕೋಟಿ ರೂಪಾಯಿಗಳ ವಾಣಿಜ್ಯ ಒಪ್ಪಂದ ಮಾಡಿಕೊಂಡಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್, ಅಂದರೆ ಐಎಸ್‌ಎಲ್, ಆರಂಭವಾಯಿತು. ಹಣ ಕಟ್ಟಿದವರಿಗೆ ಪ್ರವೇಶ, ಸೋತರೂ ಕೆಳಗಿಳಿಯುವ ಭಯವಿಲ್ಲ. ಹಳೆಯ ಐ-ಲೀಗ್ ಬಡ ತಮ್ಮನಾಯಿತು. 2013ರಲ್ಲಿ ಜೆಎಸ್‌ಡಬ್ಲ್ಯು ಸಂಸ್ಥೆ ಕಟ್ಟಿದ ಬೆಂಗಳೂರು ಎಫ್‌ಸಿ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಎಎಫ್‌ಸಿ ಕಪ್ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ಎನಿಸಿತು. 2017ರಲ್ಲಿ ಐಎಸ್‌ಎಲ್‌ಗೆ ಸೇರಿ 2018-19ರಲ್ಲಿ ಅದನ್ನೂ ಗೆದ್ದಿತು. ಶಿಸ್ತು, ತರಬೇತಿ, ವ್ಯವಸ್ಥೆ ಇವುಗಳಲ್ಲಿ ಆ ಕ್ಲಬ್ಬಿನಿಂದ ಕಲಿಯುವುದು ಬಹಳವಿದೆ.

ಕೆಳಗಿನವರಿಗೆ ಬಾಗಿಲು ತೆರೆದದ್ದು ತಡವಾಗಿ. 2022-23ರಿಂದ ಐ-ಲೀಗ್ ಗೆದ್ದವರಿಗೆ ಬಡ್ತಿ ಸಿಗತೊಡಗಿತು. 2024ರಲ್ಲಿ ಹೀಗೆ ಮೇಲೆ ಬಂದದ್ದು ಬೇರೆ ಯಾರೂ ಅಲ್ಲ, 1937ರ ಆ ದೊಡ್ಡ ತಂಡ ಮೊಹಮ್ಮಡನ್ ಸ್ಪೋರ್ಟಿಂಗ್! ಒಂದು ಕಾಲದಲ್ಲಿ ದೇಶದ ಪ್ರತಿಭೆಯನ್ನೆಲ್ಲ ಸೆಳೆದ ತಂಡ 2024-25ರಲ್ಲಿ 13 ತಂಡಗಳ ಐಎಸ್‌ಎಲ್‌ನಲ್ಲಿ ಕೊನೆಯ ಸ್ಥಾನ ಪಡೆಯಿತು. ಇಂದಿನ ದೊಡ್ಡವರು ನಾಳೆಯೂ ದೊಡ್ಡವರಾಗಿರುತ್ತಾರೆಂಬ ಖಾತ್ರಿ ಇಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? 2025ರಲ್ಲಿ ಆ 15 ವರ್ಷಗಳ ಒಪ್ಪಂದ ಮುಗಿಯುವ ಹೊತ್ತಿಗೆ ಐಎಸ್‌ಎಲ್ ಕೂಡ ಸಕಾಲಕ್ಕೆ ಆರಂಭವಾಗದೆ ನಿಂತಿತು. ಸಿರಿವಂತ ಕ್ಲಬ್ಬುಗಳೂ ಆಟಗಾರರ ಸಂಬಳದ ಚಿಂತೆಗೆ ಬಿದ್ದವು.

ಇತ್ತ 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾಧ್‌ನಲ್ಲಿ ನಡೆದ ಸಂತೋಷ್ ಟ್ರೋಫಿ ಫೈನಲ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. 54 ವರ್ಷಗಳ ನಂತರ ಟ್ರೋಫಿ ಮನೆಗೆ ಬಂತು. ಅದನ್ನು ತಂದವರು ಬಹುತೇಕ ಬೆಂಗಳೂರಿನ ಸ್ಥಳೀಯ ಲೀಗಿನ ಹುಡುಗರು. ಹಣದ ಹೊಳೆ ಬೇರೆಡೆ ಹರಿಯುತ್ತಿದ್ದರೂ ಬೇರು ಒಣಗಿಲ್ಲ ಎಂದು ಅವರು ತೋರಿಸಿಕೊಟ್ಟರು.

ಖೈರಾತ್ ಅಲ್ಲ, ಹಿಸ್ಸೆ

ದಂಡಿನಶಿವರ, ತುರುವೇಕೆರೆ, ತಿಪಟೂರು ಸೀಮೆಯ ನಮಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ. ತೆಂಗಿನ ಮರ ಬುಡದಲ್ಲಿ ಕುಡಿದ ನೀರನ್ನು ತಲೆಯಲ್ಲಿ ಎಳನೀರಾಗಿಸಿ ಕೊಡುತ್ತದೆ. ಎಳನೀರು ಕಿತ್ತುಕೊಂಡು ಬುಡಕ್ಕೆ ನೀರು ಬಿಡದಿದ್ದರೆ ಎರಡು ಬೇಸಿಗೆಯಲ್ಲಿ ಗರಿ ಜೋಲುತ್ತದೆ. ಬುಡಕ್ಕೆ ನೀರು ಹಾಯಿಸುವುದು ಮರಕ್ಕೆ ಮಾಡುವ ದಾನವಲ್ಲ, ಅದು ಬೇಸಾಯ.

ಫುಟ್‌ಬಾಲ್ ಜಗತ್ತು ಇದನ್ನು ತಡವಾಗಿಯಾದರೂ ಕಂಡುಕೊಂಡಿದೆ. 2001ರಲ್ಲಿ ಫಿಫಾ ಒಂದು ನಿಯಮ ತಂದಿತು. ಕರಾರು ಮುಗಿಯುವ ಮೊದಲು ಆಟಗಾರನೊಬ್ಬ ಹಣದ ಒಪ್ಪಂದದ ಮೇಲೆ ಬೇರೆ ದೇಶದ ಕ್ಲಬ್ಬಿಗೆ ವರ್ಗವಾದರೆ, ಆ ಮೊತ್ತದ ಶೇಕಡ 5 ಭಾಗವನ್ನು 12ರಿಂದ 23ನೇ ವಯಸ್ಸಿನವರೆಗೆ ಅವನನ್ನು ತರಬೇತುಗೊಳಿಸಿದ ಕ್ಲಬ್ಬುಗಳಿಗೆ ಹಂಚಬೇಕು. ಉದಾಹರಣೆಗೆ ವರ್ಗಾವಣೆಯ ಮೊತ್ತ ಒಂದು ಕೋಟಿ ಎಂದುಕೊಳ್ಳಿ. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ 25 ಸಾವಿರ, 16ರಿಂದ ಮುಂದಿನ ಪ್ರತಿ ವರ್ಷಕ್ಕೆ 50 ಸಾವಿರ ರೂಪಾಯಿ ಬರುತ್ತದೆ. 12ರಿಂದ 17ರವರೆಗೆ ಕಲಿಸಿದ ಕ್ಲಬ್ಬಿಗೆ ಎರಡು ಲಕ್ಷ. ದೊಡ್ಡವರಿಗೆ ಇದು ಲೆಕ್ಕಕ್ಕಿಲ್ಲದ ಹಣ, ಸಣ್ಣ ಕ್ಲಬ್ಬಿಗೆ ವರ್ಷದ ಚೆಂಡು, ಬೂಟು, ಪ್ರಯಾಣದ ಖರ್ಚು. ಆದರೆ ಈ ಪಾಲು ಸಿಗಬೇಕಾದರೆ ಆಟಗಾರನ ನೋಂದಣಿ ದಾಖಲೆ ಇರಲೇಬೇಕು. ರಿಜಿಸ್ಟರ್ ಇಡದ ಕ್ಲಬ್ಬಿಗೆ ಕಾನೂನೂ ನೆರವಾಗುವುದಿಲ್ಲ.

ಕನ್ನಡದ ‘ಹಕ್ಕು’ ಎಂಬ ಪದ ಬಂದದ್ದು ‘ಹಕ್’ ಎಂಬ ಪದದಿಂದ. ನಮ್ಮ ಪಹಣಿಗಳಲ್ಲಿ ಇಂದಿಗೂ ‘ಹಿಸ್ಸಾ ನಂಬರ್’ ಇದೆ. ಖೈರಾತ್ ಕೊಡುವವನ ಮರ್ಜಿಗೆ ಬಿಟ್ಟದ್ದು, ಹಿಸ್ಸೆ ಮಾತ್ರ ದಾಖಲೆಯಲ್ಲಿ ಬರೆದದ್ದು. ಸಣ್ಣ ಕ್ಲಬ್ಬುಗಳು ಕೇಳುತ್ತಿರುವುದು ಹಿಸ್ಸೆಯನ್ನು.

ಶಿಕ್ಷಣ ಕ್ಷೇತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಹೋಬಳಿಯ ಶಾಲೆ ಅಕ್ಷರ ಕಲಿಸಿ ಕಳಿಸಿದ ಮಗು ಪಟ್ಟಣದ ಕಾಲೇಜಿನಲ್ಲಿ ರ‍್ಯಾಂಕ್ ಬಂದಾಗ ಭಾವಚಿತ್ರ ಅಚ್ಚಾಗುವುದು ಪಟ್ಟಣದ ಕಾಲೇಜಿನ ಜಾಹೀರಾತಿನಲ್ಲಿ. ಅದರಲ್ಲಿ ಅಸೂಯೆಪಡುವಂಥದ್ದೇನಿಲ್ಲ. ಆದರೆ ಕಲಿತು ಮೇಲೆ ಹೋದವರು ತಮ್ಮ ಮೊದಲ ಶಾಲೆಯ ಗ್ರಂಥಾಲಯಕ್ಕೆ, ಮೈದಾನಕ್ಕೆ, ಒಬ್ಬ ಬಡ ವಿದ್ಯಾರ್ಥಿಯ ಶುಲ್ಕಕ್ಕೆ ವರ್ಷಕ್ಕೊಮ್ಮೆ ಒಂದು ಪಾಲು ಕಳಿಸುವುದನ್ನು ರೂಢಿ ಮಾಡಿಕೊಳ್ಳಬೇಕು. ಸಂಘಸಂಸ್ಥೆಗಳು ಅದನ್ನು ಸಭೆಯ ಚಪ್ಪಾಳೆಗೆ ಬಿಡದೆ ಲೆಕ್ಕಪುಸ್ತಕದ ಒಂದು ಶಾಶ್ವತ ಬಾಬ್ತನ್ನಾಗಿ ಮಾಡಬೇಕು. ವಿದ್ಯಾರ್ಥಿ ಮಿತ್ರರೇ, ನೀವು ಎಷ್ಟು ಎತ್ತರಕ್ಕಾದರೂ ಹೋಗಿ, ನಿಮ್ಮ ಮೊದಲ ಶಾಲೆಯ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಇದೆ. ಆ ಪುಸ್ತಕಕ್ಕೂ ನಿಮ್ಮಲ್ಲಿ ಒಂದು ಹಿಸ್ಸೆ ಇದೆ.